ಒಂಬತ್ತಿಂಚಿನ ಗೋಡೆ, ಇಂಗ್ಲೆಂಡಿನ ಚಳಿ: ದಾವಣಗೆರೆ–ದುರ್ಗದವರಿಗೆ ಮನೆ ಬೆಚ್ಚಗಿಡುವ ಕೈಪಿಡಿ

ದಾವಣಗೆರೆಯಲ್ಲಿ ಎಂಬಿಬಿಎಸ್ ಮುಗಿಸಿ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಸೇರಿದವರಿಗಾಗಲಿ, ದುರ್ಗದಿಂದ ಸಾಫ್ಟ್‌ವೇರ್ ಕೆಲಸಕ್ಕೆ ಹೋದವರಿಗಾಗಲಿ, ಇಂಗ್ಲೆಂಡಿನಲ್ಲಿ ಮೊದಲು ಸಿಗುವುದು ಹೆಚ್ಚಾಗಿ ಹಳೆಯ ಕೆಂಪಿಟ್ಟಿಗೆಯ ಸಾಲುಮನೆ. ಗೋಡೆ ತಟ್ಟಿದರೆ ಬಂಡೆಯಂತಿರುತ್ತದೆ, ಆದರೂ ನವೆಂಬರ್ ಬಂತೆಂದರೆ ಒಳಗೆ ಕೂರಲಾಗುವುದಿಲ್ಲ. ಆ ಗೋಡೆ ಹೊಸದೇನಲ್ಲ, ನಮ್ಮೂರಿನ ಒಂಬತ್ತಿಂಚಿನ ಗೋಡೆಯೇ. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ದಾವಣಗೆರೆಯಿಂದ ಅಸಲಿ ಮ್ಯಾಂಚೆಸ್ಟರಿಗೆ ಹೋದರೂ ಇಟ್ಟಿಗೆ ಬೆನ್ನು ಬಿಡುವುದಿಲ್ಲ.

ದುರ್ಗದ ಕಡೆಯ ಮಣ್ಣಿನ ಮಾಳಿಗೆ ಮನೆ ಏಪ್ರಿಲ್‌ನಲ್ಲೂ ತಣ್ಣಗಿರುತ್ತದೆ. ದಪ್ಪ ಗೋಡೆ ಹಗಲಿನ ಬಿಸಿಯನ್ನು ಹೀರಿಕೊಂಡು, ಒಳಕ್ಕೆ ಮುಟ್ಟಿಸುವಷ್ಟರಲ್ಲಿ ರಾತ್ರಿಯ ತಂಪು ಬಂದಿರುತ್ತದೆ. ಈ ಆಟ ನಡೆಯುವುದು ಹಗಲು–ರಾತ್ರಿ ಏರಿಳಿತ ಇದ್ದಾಗ ಮಾತ್ರ. ಇಂಗ್ಲೆಂಡಿನ ಚಳಿಗಾಲದಲ್ಲಿ ಹೊರಗೆ ಇಪ್ಪತ್ನಾಲ್ಕು ಗಂಟೆಯೂ ತಂಪೇ, ಹಾಗಾಗಿ ಬಿಸಿ ಒಂದೇ ದಿಕ್ಕಿಗೆ, ಒಳಗಿನಿಂದ ಹೊರಗೆ, ಹರಿಯುತ್ತಲೇ ಇರುತ್ತದೆ. ಅದನ್ನು ತಡೆಯುವುದು ಗೋಡೆಯ ತೂಕವಲ್ಲ, ಅಲ್ಲಾಡದಂತೆ ಹಿಡಿದಿಟ್ಟ ಗಾಳಿ. ಮಂಡಕ್ಕಿ ಚೀಲ ಎತ್ತಿದವರಿಗೆ ಗೊತ್ತು, ಅದರಲ್ಲಿ ಇರುವುದೆಲ್ಲ ಗಾಳಿಯೇ. ಚಳ್ಳಕೆರೆಯ ಕಂಬಳಿ ಬೆಚ್ಚಗಿರುವುದೂ ಉಣ್ಣೆಯ ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿಯಿಂದ. ಅಲ್ಲಿನ ಇನ್ಸುಲೇಷನ್ (ಬಿಸಿ ತಡೆಯುವ ಹೊದಿಕೆ) ಅಂಗಡಿಯಲ್ಲಿ ಸಿಗುವ ಗಾಜಿನ ಉಣ್ಣೆ, ಕಲ್ಲಿನ ಉಣ್ಣೆ, ಫೋಮ್ ಹಲಗೆ, ಎಲ್ಲವೂ ಇದೇ ಜಾತಿ.

ಎಷ್ಟು ಬಿಸಿ ಹೋಗುತ್ತದೆ ಎಂಬುದಕ್ಕೆ ಅಲ್ಲಿ ಯು-ವ್ಯಾಲ್ಯೂ ಎಂಬ ಅಂಕಿ ಬಳಸುತ್ತಾರೆ. ಒಂದು ಚದರ ಮೀಟರಿನಲ್ಲಿ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸ ಇದ್ದಾಗ, ಎಷ್ಟು ವ್ಯಾಟ್ ಸೋರುತ್ತದೆ ಎಂಬ ಲೆಕ್ಕ. ಬರಿಯ ಒಂಬತ್ತಿಂಚಿನ ಗೋಡೆಗೆ ಅದು ಸುಮಾರು 2. ಹೊರಗೋಡೆ 40 ಚದರ ಮೀಟರ್, ಒಳಗೆ 20 ಡಿಗ್ರಿ, ಹೊರಗೆ 5 ಡಿಗ್ರಿ ಎಂದುಕೊಳ್ಳಿ. 40×2×15, ಅಂದರೆ 1200 ವ್ಯಾಟ್. ಗೋಡೆಯೊಂದಕ್ಕೇ ದಿನಕ್ಕೆ ಸುಮಾರು 29 ಯೂನಿಟ್ ಬಿಸಿ ಬೇಕು. ಅದೇ ಗೋಡೆಯನ್ನು 0.3ಕ್ಕೆ ಇಳಿಸಿದರೆ 180 ವ್ಯಾಟ್ ಸಾಕು.

ಸಹಿ ಹಾಕುವ ಮೊದಲು

ಬಾಡಿಗೆಗೆ ಅಥವಾ ಮಾರಾಟಕ್ಕೆ ಇಟ್ಟ ಮನೆಗೆ, ಅದು ಇಂಧನವನ್ನು ಎಷ್ಟು ಚೆನ್ನಾಗಿ ಉಳಿಸುತ್ತದೆ ಎಂದು ಹೇಳುವ ಇಪಿಸಿ ಎಂಬ ಪ್ರಮಾಣಪತ್ರ ಇರಲೇಬೇಕು. ಅದರ ಆಯಸ್ಸು 10 ವರ್ಷ. ಸರ್ಕಾರಿ ಜಾಲತಾಣದಲ್ಲಿ ಪೋಸ್ಟ್‌ಕೋಡ್ ಹಾಕಿದರೆ ಯಾರು ಬೇಕಾದರೂ ನೋಡಬಹುದು, ಏಜೆಂಟನ್ನು ಕೇಳಬೇಕಿಲ್ಲ. 100ಕ್ಕೆ ಅಂಕ ಕೊಟ್ಟು ಎ ಯಿಂದ ಜಿ ವರೆಗೆ ದರ್ಜೆ ಮಾಡಿರುತ್ತಾರೆ: 69ರಿಂದ 80 ಇದ್ದರೆ ಸಿ, 55ರಿಂದ 68 ಡಿ, 39ರಿಂದ 54 ಇ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2020ರ ಏಪ್ರಿಲ್‌ನಿಂದ, ವಿನಾಯಿತಿ ನೋಂದಾಯಿಸದ ಹೊರತು, ಇ ಗಿಂತ ಕೆಳಗಿನ ಮನೆಯನ್ನು ಬಾಡಿಗೆಗೆ ಕೊಡುವಂತಿಲ್ಲ. ಸ್ಕಾಟ್ಲೆಂಡಿನ ನಿಯಮ ಬೇರೆ.

ದರ್ಜೆಯ ಅಕ್ಷರಕ್ಕಿಂತ ಕೆಳಗಿನ ಪಟ್ಟಿ ಮುಖ್ಯ. ಗೋಡೆ, ಮಾಡು, ನೆಲ, ಕಿಟಕಿ ಒಂದೊಂದರ ಮುಂದೆಯೂ ವಿವರಣೆ ಇರುತ್ತದೆ. ಅಲ್ಲಿ ‘ಅಸ್ಯೂಮ್ಡ್’ ಎಂಬ ಪದ ಕಂಡರೆ, ಪರೀಕ್ಷಿಸಲು ಬಂದವರು ಕಣ್ಣಾರೆ ನೋಡಿಲ್ಲ, ಮನೆಯ ವಯಸ್ಸಿನ ಮೇಲೆ ಅಂದಾಜು ಹಾಕಿದ್ದಾರೆ ಎಂದರ್ಥ. ಒಂಬತ್ತು ವರ್ಷ ಹಳೆಯ ಇಪಿಸಿಯನ್ನೂ ಅರ್ಧ ನಂಬಿ ಸಾಕು.

ಗೋಡೆಯ ಜಾತಿಯನ್ನು ಬೀದಿಯಲ್ಲಿ ನಿಂತೇ ಹೇಳಬಹುದು. ಇಟ್ಟಿಗೆಗಳೆಲ್ಲ ಉದ್ದುದ್ದ ಕಂಡರೆ ಅದು ಹೆಚ್ಚಾಗಿ ಕ್ಯಾವಿಟಿ ಗೋಡೆ, ಎರಡು ಪದರ, ನಡುವೆ ಟೊಳ್ಳು. ಉದ್ದ–ಗಿಡ್ಡ, ಉದ್ದ–ಗಿಡ್ಡ ಎಂದು ಬದಲಾಗುತ್ತಿದ್ದರೆ ಪೂರ್ತಿ ಗಟ್ಟಿ ಗೋಡೆ, ಗಿಡ್ಡ ಕಾಣುವುದು ಅಡ್ಡ ಮಲಗಿಸಿದ ಇಟ್ಟಿಗೆಯ ತಲೆ. ಬಾಗಿಲಿನ ಹತ್ತಿರ ದಪ್ಪ ಅಳೆಯಿರಿ: 26 ಸೆಂ.ಮೀ. ಮೀರಿದ್ದರೆ ಟೊಳ್ಳಿರುವ ಸಾಧ್ಯತೆ ಹೆಚ್ಚು. ಗಾರೆಯಲ್ಲಿ ಸಾಲಾಗಿ ರೂಪಾಯಿ ನಾಣ್ಯದಷ್ಟು ತೇಪೆಗಳಿದ್ದರೆ ರಂಧ್ರ ಕೊರೆದು ಟೊಳ್ಳು ತುಂಬಿಸಿದ್ದಾರೆ.

ಡಬಲ್ ಗ್ಲೇಜಿಂಗ್ (ಎರಡು ಗಾಜಿನ ಕಿಟಕಿ) ಎಂದು ಹೇಳಿದ ಮಾತ್ರಕ್ಕೆ ಹಿಗ್ಗಬೇಡಿ. ಕತ್ತಲಲ್ಲಿ ಲೈಟರ್ ಹಚ್ಚಿ ಗಾಜಿನ ಮುಂದೆ ಹಿಡಿದರೆ ನಾಲ್ಕು ಪ್ರತಿಬಿಂಬ ಕಾಣುತ್ತವೆ. ಅವುಗಳಲ್ಲಿ ಒಂದರ ಬಣ್ಣ ಬೇರೆಯಾಗಿದ್ದರೆ ಬಿಸಿಯನ್ನು ಒಳಕ್ಕೇ ತಿರುಗಿಸುವ ಲೇಪನ ಇದೆ. ಎರಡು ಗಾಜಿನ ನಡುವೆ ಮಂಜು ಕಟ್ಟಿದ್ದರೆ ಸೀಲು ಒಡೆದಿದೆ. ಚೌಕಟ್ಟು ಚೆನ್ನಾಗಿದ್ದರೆ ಗಾಜನ್ನಷ್ಟೇ ಬದಲಿಸಬಹುದು.

ಅಟ್ಟ: ಕಡಿಮೆ ಖರ್ಚು, ಹೆಚ್ಚು ಲಾಭ

ಸ್ವಂತ ಮನೆಯಾದರೆ ಮೊದಲು ಕೈ ಹಾಕಬೇಕಾದದ್ದು ಇಲ್ಲಿ. ಶಿಫಾರಸು 270 ಮಿ.ಮೀ. ಖನಿಜ ಉಣ್ಣೆ. ತೊಲೆಗಳ ನಡುವೆ 100 ಮಿ.ಮೀ., ಅದರ ಮೇಲೆ ತೊಲೆಗಳಿಗೆ ಅಡ್ಡವಾಗಿ 170 ಮಿ.ಮೀ. ಅಡ್ಡ ಹಾಕುವುದೇಕೆಂದರೆ ಮರದ ತೊಲೆಯೂ ಬಿಸಿ ಸೋರಿಸುತ್ತದೆ, ಎರಡನೆಯ ಪದರ ಅದನ್ನೂ ಹೊದಿಸಬೇಕು. 40 ಚದರ ಮೀಟರ್ ಅಟ್ಟಕ್ಕೆ ಎರಡೂ ದಪ್ಪದ ಸುರುಳಿ ತಲಾ 40 ಚದರ ಮೀಟರ್ ಬೇಕು. ಆಗ ಯು-ವ್ಯಾಲ್ಯೂ 0.16ರ ಆಸುಪಾಸಿಗೆ ಬರುತ್ತದೆ.

ಹಗಲಿನಲ್ಲೇ ಹತ್ತಿ. ಮಾಸ್ಕ್, ಕೈಗವಸು, ತುಂಬುತೋಳಿನ ಅಂಗಿ ಬೇಕು. ಕಾಲು ತೊಲೆಯ ಮೇಲೆ ಮಾತ್ರ ಇರಲಿ. ನಡುವೆ ಇಟ್ಟರೆ ಕೆಳಗಿನ ಕೋಣೆಯವರಿಗೆ ನಿಮ್ಮ ಪಾದದರ್ಶನ ಆಗುತ್ತದೆ, ಅಲ್ಲಿರುವುದು ಬರೀ ಪ್ಲಾಸ್ಟರ್‌ಬೋರ್ಡ್, ಅಂದರೆ ತೆಳು ಜಿಪ್ಸಮ್ ಹಲಗೆ. ಸುರುಳಿಯನ್ನು ಒತ್ತಿ ತುರುಕಬೇಡಿ. ಒತ್ತಿದ ಉಣ್ಣೆಯಲ್ಲಿ ಗಾಳಿ ಇಲ್ಲ, ಗಾಳಿ ಇಲ್ಲದಿದ್ದರೆ ಕೆಲಸವೂ ಇಲ್ಲ. ಸೂಟ್‌ಕೇಸ್ ಇಡಲೆಂದು ತೊಲೆಯ ಮೇಲೆಯೇ ಹಲಗೆ ಹೊಡೆದು 270ನ್ನು 100ಕ್ಕೆ ಚಪ್ಪಟೆ ಮಾಡುವುದು ಎಲ್ಲರೂ ಮಾಡುವ ತಪ್ಪು. ಹಲಗೆ ಬೇಕಿದ್ದರೆ ಪ್ಲಾಸ್ಟಿಕ್ ಕಾಲುಗಳ ಮೇಲೆ ಎತ್ತರಿಸಿ ಹಾಕಬೇಕು.

ಸೂರಿನ ಅಂಚಿನಲ್ಲಿ 50 ಮಿ.ಮೀ. ಗಾಳಿದಾರಿ ಬಿಡಿ. ಅದನ್ನು ಮುಚ್ಚಿದರೆ ತಣ್ಣಗಾದ ಅಟ್ಟದಲ್ಲಿ ಕೆಳಗಿನಿಂದ ಏರಿದ ಆವಿ ಮರದ ಮೇಲೆ ನೀರಾಗಿ ನಿಂತು ಕೊಳೆಸುತ್ತದೆ. ಅಟ್ಟದಲ್ಲಿ ನೀರಿನ ತೊಟ್ಟಿ ಇದ್ದರೆ ಬದಿಗೂ ಮೇಲಕ್ಕೂ ಹೊದಿಸಿ, ಅಡಿಭಾಗಕ್ಕೆ ಮಾತ್ರ ಬೇಡ. ಕೆಳಗಿನಿಂದ ಬರುವ ಅಲ್ಪ ಬಿಸಿಯೇ ಅದನ್ನು ಹೆಪ್ಪುಗಟ್ಟದಂತೆ ಕಾಯುತ್ತದೆ. ಕರೆಂಟ್ ವೈರನ್ನು ಉಣ್ಣೆಯ ಮೇಲಕ್ಕೆ ಎತ್ತಿಡಿ, ಹೂತರೆ ಬಿಸಿಯಾಗುತ್ತದೆ. ಸೀಲಿಂಗ್‌ನಲ್ಲಿ ಹುದುಗಿಸಿದ ದೀಪಗಳಿಗೆ ಬೆಂಕಿ ತಾಳುವ ಟೋಪಿ ಹಾಕದೆ ಉಣ್ಣೆ ಮುಚ್ಚಬಾರದು. ಅಟ್ಟದ ಮುಚ್ಚಳಕ್ಕೂ ಒಂದು ತುಂಡು ಹಲಗೆ ಅಂಟಿಸಿ, ಸುತ್ತ ರಬ್ಬರ್ ಪಟ್ಟಿ ಹಚ್ಚಿ. ಇದನ್ನು ಮರೆಯದವರೇ ಇಲ್ಲ.

ಮಾಡಿನ ಒಳಮೈಗೆ ಫೋಮ್ ಸಿಂಪಡಿಸುತ್ತೇವೆ ಎಂದು ಬಾಗಿಲು ಬಡಿಯುವವರಿಗೆ ಬೇಡ ಅನ್ನಿ. ಮರ ಕಾಣದಂತೆ ಮುಚ್ಚಿಹೋದ ಮಾಡಿನ ಮನೆಗೆ ಎಷ್ಟೋ ಬ್ಯಾಂಕುಗಳು ಸಾಲ ಕೊಡುವುದಿಲ್ಲ, ಮಾರುವಾಗ ಕೆರೆದು ತೆಗೆಸಬೇಕಾಗುತ್ತದೆ.

ಗೋಡೆ

ಟೊಳ್ಳು ಗೋಡೆಗೆ ಥರ್ಮೋಕೋಲ್ ಮಣಿ ಅಥವಾ ಉಣ್ಣೆ ಊದಿ ತುಂಬಿಸುವುದು ಒಂದು ದಿನದ ಕೆಲಸ. ಆದರೆ ಗಾಳಿಮಳೆ ಹೊಡೆಯುವ ಪಶ್ಚಿಮದ ಕಡಲತೀರದಲ್ಲಿ, ಬಿರುಕುಬಿಟ್ಟ ಗಾರೆಯ ಗೋಡೆಗೆ ಇದನ್ನು ತುಂಬಿಸಿದರೆ ಹೊರಪದರದ ನೀರು ಒಳಪದರಕ್ಕೆ ಸೇತುವೆ ಹತ್ತಿ ಬರುತ್ತದೆ. ಗಾರೆ ಮೊದಲು, ತುಂಬುವುದು ಆಮೇಲೆ. 25 ವರ್ಷದ ಗ್ಯಾರಂಟಿ ಪತ್ರ ಕೇಳಿ ಇಟ್ಟುಕೊಳ್ಳಿ.

ಗಟ್ಟಿ ಗೋಡೆಗೆ ಒಳಗಿನಿಂದ ಹಾಕುವುದಾದರೆ 0.3 ಮುಟ್ಟಲು ಸುಮಾರು 60–65 ಮಿ.ಮೀ. ಪಿಐಆರ್ ಎಂಬ ಗಟ್ಟಿ ಫೋಮ್ ಹಲಗೆ, ಮೇಲೆ 12.5 ಮಿ.ಮೀ. ಪ್ಲಾಸ್ಟರ್‌ಬೋರ್ಡ್ ಬೇಕು. ಕೋಣೆ ಒಂದು ಗೇಣಿಗೂ ಕಡಿಮೆಯೇ ಕುಗ್ಗುತ್ತದೆ. ಅಪಾಯ ಇರುವುದು ಸಂದಿಯಲ್ಲಿ: ಹಲಗೆಯ ಹಿಂದೆ ಇಟ್ಟಿಗೆ ಮೊದಲಿಗಿಂತ ತಣ್ಣಗಿರುತ್ತದೆ, ಟೇಪು ಹಾಕದ ಜೋಡಣೆಯಿಂದ ಆವಿ ನುಗ್ಗಿದರೆ ಅಲ್ಲಿ ಕಾಣದಂತೆ ಬೂಷ್ಟು ಬೆಳೆಯುತ್ತದೆ. ಗೋಡೆಗೆ ಮೊದಲೇ ತೇವ ಇದ್ದರೆ ಈ ಕೆಲಸಕ್ಕೆ ಇಳಿಯಲೇಬೇಡಿ. ಹೊರಗಿನಿಂದ ಹೊದಿಸುವುದು ತಾತ್ವಿಕವಾಗಿ ಉತ್ತಮ, ಆದರೆ ಕೆಲಸಗಾರನ ಕೈ ಮೇಲೆ ಎಲ್ಲ ನಿಂತಿದೆ. ಸರ್ಕಾರಿ ಯೋಜನೆಯಡಿ ಮಾಡಿದ ಇಂಥ ಕೆಲಸಗಳಲ್ಲಿ 98 ಪ್ರತಿಶತಕ್ಕೆ ದೊಡ್ಡ ದೋಷಗಳಿವೆ ಎಂದು ನ್ಯಾಷನಲ್ ಆಡಿಟ್ ಆಫೀಸ್ 2025ರ ಅಕ್ಟೋಬರ್‌ನಲ್ಲಿ ವರದಿ ಕೊಟ್ಟಿದೆ. ಪುಕ್ಕಟೆ ಎಂದು ಹಿಗ್ಗುವ ಮುನ್ನ ಟ್ರಸ್ಟ್‌ಮಾರ್ಕ್ (ಸರ್ಕಾರ ಒಪ್ಪಿದ ಗುಣಮಟ್ಟದ ಗುರುತು) ನೋಂದಣಿ, ಕಿಟಕಿಯ ಅಂಚು ಮತ್ತು ಸೂರಿನ ಅಂಚನ್ನು ಹೇಗೆ ಮುಗಿಸುತ್ತಾರೆ ಎಂಬ ನಕ್ಷೆ, ಎರಡನ್ನೂ ಕೇಳಿ. ಗ್ರೇಟ್ ಬ್ರಿಟನ್‌ನಲ್ಲಿ 2027ರ ಮಾರ್ಚ್ 31ರವರೆಗೆ ಇನ್ಸುಲೇಷನ್ ಹಾಕಿಸಿದರೆ ವ್ಯಾಟ್ ತೆರಿಗೆ ಸೊನ್ನೆ. ನೀವೇ ಸಾಮಾನು ಕೊಂಡು ಹಾಕಿಕೊಂಡರೆ ಆ ರಿಯಾಯಿತಿ ಇಲ್ಲ.

ಬೆವರುವ ಗೋಡೆ

ನಮ್ಮವರು ಹೆಚ್ಚು ಪೇಚಾಡುವುದು ಚಳಿಗಲ್ಲ, ಬೂಷ್ಟಿಗೆ. ಬಯಲುಸೀಮೆಯ ಒಣಗಾಳಿಯಲ್ಲಿ ಬೆಳೆದವರಿಗೆ ಗಾಳಿಯಲ್ಲಿರುವ ನೀರಿನ ಬಗ್ಗೆ ಯೋಚಿಸುವ ಅಭ್ಯಾಸವೇ ಇಲ್ಲ. ಅನ್ನ–ಸಾರು, ಕುಕ್ಕರ್ ಸೀಟಿ, ಬಿಸಿನೀರ ಸ್ನಾನ, ರೇಡಿಯೇಟರ್ ಮೇಲೆ ಹರವಿದ ಬಟ್ಟೆ; ಎಲ್ಲ ಸೇರಿ ನಾಲ್ಕು ಜನರ ಮನೆಯ ಗಾಳಿಗೆ ದಿನಕ್ಕೆ ಹತ್ತು ಲೀಟರಿನಷ್ಟು ನೀರು ಸೇರುತ್ತದೆ. ಹೊರಗೆ ಸೊನ್ನೆ ಡಿಗ್ರಿ ಇರುವಾಗ ಆ ಒಂಬತ್ತಿಂಚಿನ ಗೋಡೆಯ ಒಳಮೈ ಸುಮಾರು 15 ಡಿಗ್ರಿ. ಕೋಣೆಯಲ್ಲಿ 20 ಡಿಗ್ರಿ, ತೇವಾಂಶ 60 ಪ್ರತಿಶತ ಇದ್ದರೆ ಗೋಡೆಗೆ ತಾಗಿದ ಗಾಳಿಯ ತೇವಾಂಶ 80 ದಾಟುತ್ತದೆ, ಬೂಷ್ಟಿಗೆ ಅಷ್ಟು ಸಾಕು. ನೀರು ಹನಿಯಬೇಕೆಂದೇನೂ ಇಲ್ಲ. ಮೂಲೆ, ಬೀರುವಿನ ಹಿಂಭಾಗ ಇನ್ನೂ ತಣ್ಣಗಿರುವುದರಿಂದ ಕಪ್ಪು ಚುಕ್ಕೆ ಅಲ್ಲೇ ಮೊದಲು.

ತೇವಾಂಶ ಅಳೆಯುವ ಹತ್ತು ಪೌಂಡಿನ ಹೈಗ್ರೋಮೀಟರ್ ತಂದಿಡಿ. 40ರಿಂದ 60ರೊಳಗೆ ಇರಬೇಕು. ಬೀರುವನ್ನು ಹೊರಗೋಡೆಯಿಂದ ಐದು ಸೆಂ.ಮೀ. ದೂರ ಸರಿಸಿ. ಒಲೆಯ ಮೇಲಿನ ಹುಡ್ ಗಾಳಿಯನ್ನು ಹೊರಗೆ ತಳ್ಳುತ್ತದೆಯೋ, ಸೋಸಿ ಒಳಗೇ ಬಿಡುತ್ತದೆಯೋ ನೋಡಿ. ಎರಡನೆಯದಾದರೆ ಬೆಣ್ಣೆದೋಸೆಯ ಹೊಗೆಯೂ ಆವಿಯೂ ಮನೆ ಬಿಟ್ಟು ಹೋಗುವುದಿಲ್ಲ, ಕಿಟಕಿ ತೆರೆಯಲೇಬೇಕು. ನಿಯಮದ ಪ್ರಕಾರ ಒಲೆಯ ಮೇಲಿನ ಫ್ಯಾನ್ ಸೆಕೆಂಡಿಗೆ 30 ಲೀಟರ್, ಬಚ್ಚಲಿನದು 15 ಲೀಟರ್ ಗಾಳಿ ಎಳೆಯಬೇಕು. ಕಿಟಕಿಯ ಮೇಲಿನ ಸಣ್ಣ ಗಾಳಿಸೀಳನ್ನು ಚಳಿ ಎಂದು ಟೇಪು ಹಚ್ಚಿ ಮುಚ್ಚಬೇಡಿ. ಹೊರಗೋಡೆಯ ಬುಡದ ತೂತಿನ ಇಟ್ಟಿಗೆಯನ್ನಂತೂ ಮುಟ್ಟಲೇಬೇಡಿ, ಅದು ಮರದ ನೆಲದ ಅಡಿ ಒಣಗಿರಲೆಂದು ಇಟ್ಟದ್ದು. ಗ್ಯಾಸ್ ಉರಿಯುವ ಕೋಣೆಯ ಗಾಳಿದಾರಿ ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಜೀವವನ್ನೇ ತೆಗೆದೀತು. ಮುಚ್ಚಬೇಕಾದ ಸಂದಿಗಳು ಬೇರೆ: ಅಂಚೆಪೆಟ್ಟಿಗೆಯ ಸೀಳು, ಬಾಗಿಲಡಿ, ಬಳಕೆ ಇಲ್ಲದ ಚಿಮಣಿ.

ಬಾಡಿಗೆದಾರರಾದರೆ ‘ನಿಮ್ಮ ಅಡುಗೆಯಿಂದಲೇ’ ಎಂಬ ಉತ್ತರ ಬರುವುದು ಖಂಡಿತ. ಎರಡು ವಾರ ಬೆಳಗ್ಗೆ–ಸಂಜೆ ತೇವಾಂಶ, ಉಷ್ಣಾಂಶ ಬರೆದಿಟ್ಟು, ಚಿತ್ರಗಳೊಂದಿಗೆ ಇಮೇಲ್ ಮಾಡಿ; ಫೋನ್ ಮಾತಿಗೆ ಬೆಲೆ ಇಲ್ಲ. ಮನೆ ವಾಸಯೋಗ್ಯವಾಗಿರಬೇಕೆಂಬ 2018ರ ಕಾಯ್ದೆ ಇಂಗ್ಲೆಂಡಿನ ಬಾಡಿಗೆ ಮನೆಗಳಿಗೆ ಅನ್ವಯಿಸುತ್ತದೆ. ಮಾಲೀಕ ಕೇಳದಿದ್ದರೆ ಕೌನ್ಸಿಲ್‌ನ (ಸ್ಥಳೀಯ ಆಡಳಿತದ) ಎನ್ವಿರಾನ್ಮೆಂಟಲ್ ಹೆಲ್ತ್ ವಿಭಾಗ ಬಂದು ಪರೀಕ್ಷಿಸಬಹುದು, ವಿಪರೀತ ಚಳಿಯೂ ಅವರ ಅಪಾಯಗಳ ಪಟ್ಟಿಯಲ್ಲಿದೆ. ಸೋಷಿಯಲ್ ಹೌಸಿಂಗ್ (ಕೌನ್ಸಿಲ್ ಅಥವಾ ಹೌಸಿಂಗ್ ಅಸೋಸಿಯೇಷನ್ ಬಾಡಿಗೆಗೆ ಕೊಡುವ ಮನೆ) ಮಾಲೀಕರಿಗೆ 2025ರ ಅಕ್ಟೋಬರ್ 27ರಿಂದ ಅವಾಬ್ ಕಾನೂನು ತೇವ–ಬೂಷ್ಟಿನ ದೂರಿಗೆ ಸ್ಪಂದಿಸಲು ಗಡುವನ್ನೇ ಹಾಕಿದೆ.

ಪಕ್ಕದ ಮನೆಯ ಸದ್ದು

ಬಿಸಿ ತಡೆಯುವುದು ಸದ್ದನ್ನೂ ತಡೆಯುತ್ತದೆ ಎಂದುಕೊಂಡರೆ ದುಡ್ಡು ದಂಡ. ಸದ್ದಿಗೆ ಬೇಕಾದದ್ದು ತೂಕ, ಒಂದಕ್ಕೊಂದು ತಾಗದ ಬೇರ್ಪಡಿಕೆ, ಸಂದಿ ಮುಚ್ಚುವುದು. ಹಗುರ ಫೋಮ್ ಹಲಗೆಯನ್ನು ಪಕ್ಕದ ಮನೆಯ ಗೋಡೆಗೆ ಅಂಟಿಸಿದರೆ ಕೆಲವೊಮ್ಮೆ ಅದೇ ಡೋಲಿನ ಚರ್ಮದಂತೆ ಕಂಪಿಸಿ ಸದ್ದು ಜಾಸ್ತಿಯೇ ಆಗುತ್ತದೆ. ಸ್ಟುಡಿಯೋ ಫೋಮ್ ಚೌಕಗಳು ಕೋಣೆಯೊಳಗಿನ ಪ್ರತಿಧ್ವನಿಯನ್ನಷ್ಟೇ ಕುಗ್ಗಿಸುತ್ತವೆ.

ಪಕ್ಕದವರ ಮಾತು, ಟಿವಿ ಕೇಳುತ್ತಿದ್ದರೆ ಹಳೆಯ ಗೋಡೆಗೆ ತಾಗದಂತೆ 10 ಮಿ.ಮೀ. ಬಿಟ್ಟು ಚೌಕಟ್ಟು ನಿಲ್ಲಿಸಿ, ನಡುವೆ ಖನಿಜ ಉಣ್ಣೆ ತುಂಬಿ, ಮೇಲೆ ಎರಡು ಪದರ ಪ್ಲಾಸ್ಟರ್‌ಬೋರ್ಡನ್ನು ಜೋಡಣೆಗಳು ಒಂದರ ಮೇಲೊಂದು ಬಾರದಂತೆ ಹೊಡೆಯಬೇಕು. ಎರಡೂ ಸೇರಿ ಚದರ ಮೀಟರಿಗೆ 20 ಕಿಲೋ ತೂಗಬೇಕು, ಮಾಮೂಲಿ 12.5 ಮಿ.ಮೀ. ಹಲಗೆ 8 ಕಿಲೋದ ಆಸುಪಾಸು, ಅಕೌಸ್ಟಿಕ್ ಬೋರ್ಡ್ 10. ಸುತ್ತಲೂ ಅಕೌಸ್ಟಿಕ್ ಸೀಲಂಟ್ ಬೇಕು. ಒಂದು ಪ್ಲಗ್ ಸಾಕೆಟ್ಟಿನ ತೂತು ಸಾಕು, ಹಾಕಿದ ಖರ್ಚೆಲ್ಲ ಅದರಲ್ಲೇ ಸೋರಿಹೋಗುತ್ತದೆ. ಬೀದಿಯ ಸದ್ದಿಗೆ ಇರುವ ಕಿಟಕಿಯ ಒಳಗೆ 100 ಮಿ.ಮೀ. ಅಂತರ ಬಿಟ್ಟು ಇನ್ನೊಂದು ಗಾಜು ಹಾಕುವುದು, 16 ಮಿ.ಮೀ. ಅಂತರದ ಡಬಲ್ ಗ್ಲೇಜಿಂಗ್‌ಗಿಂತ ಮೇಲು.

ಮನೆಯನ್ನು ಒಡೆದು ಫ್ಲ್ಯಾಟ್ ಮಾಡಿದ್ದರೆ, 2003ರ ನಂತರದ್ದೋ ಕೇಳಿ. ಅಂದಿನಿಂದ ಇಂಗ್ಲೆಂಡ್, ವೇಲ್ಸ್‌ನಲ್ಲಿ ಅಂಥ ಪರಿವರ್ತನೆಗಳ ಗೋಡೆ–ನೆಲ ಕನಿಷ್ಠ 43 ಡೆಸಿಬಲ್, ಹೊಸ ಕಟ್ಟಡಗಳಲ್ಲಿ 45 ಡೆಸಿಬಲ್ ತಡೆಯಬೇಕೆಂಬ ನಿಯಮ ಇದೆ. ಹಳೆಯದಾದರೆ ಮೇಲಿನ ಮನೆಯವರ ಹೆಜ್ಜೆ ಸಪ್ಪಳಕ್ಕೆ ದೂರು ಕೊಟ್ಟು ಫಲವಿಲ್ಲ, ನಿತ್ಯಜೀವನದ ಸದ್ದನ್ನು ಕಾನೂನು ಉಪದ್ರವ ಎನ್ನುವುದಿಲ್ಲ. ಆದರೆ ಬಹಳಷ್ಟು ಲೀಸ್‌ಗಳಲ್ಲಿ ನೆಲಕ್ಕೆ ಕಾರ್ಪೆಟ್ ಹಾಸಿರಲೇಬೇಕೆಂಬ ಷರತ್ತು ಇರುತ್ತದೆ. ಮರದ ನೆಲ ಚೆಂದ ಎಂದು ಕಿತ್ತುಹಾಕುವ ಮೊದಲು ನಿಮ್ಮ ಲೀಸ್ ಓದಿ.

ನಮ್ಮ ಮನೆಗಳಿಂದ ಹೊರಡುವ ದೊಡ್ಡ ಸದ್ದು ವೆಟ್ ಗ್ರೈಂಡರಿನದು. ಅದು ಗಾಳಿಯಲ್ಲಿ ಹೋಗುವುದಕ್ಕಿಂತ ಹೆಚ್ಚಾಗಿ ಕಲ್ಲಿನ ನಡುಕವಾಗಿ ಕಟ್ಟೆಯಿಂದ ಗೋಡೆಗೆ, ಗೋಡೆಯಿಂದ ಪಕ್ಕದ ಮನೆಯ ಮಲಗುವ ಕೋಣೆಗೆ ಇಳಿಯುತ್ತದೆ. ಜಂಟಿ ಗೋಡೆಗೆ ತಾಗಿದ ಕಟ್ಟೆಯ ಮೇಲೆ ಇಡಬೇಡಿ. ವಾಷಿಂಗ್ ಮೆಷಿನ್ ಅಡಿಗೆಂದು ಮಾರುವ ದಪ್ಪ ರಬ್ಬರ್ ಚಾಪೆ ಹಾಸಿ, ಕಟ್ಟೆಗೂ ಗೋಡೆಗೂ ಒಂದು ಬೆರಳು ಸಂದಿ ಇರುವ ಕಡೆ ಇಡಿ. ಕೌನ್ಸಿಲ್‌ನವರಿಗೆ ರಾತ್ರಿ 11ರಿಂದ ಬೆಳಗ್ಗೆ 7ರವರೆಗೆ ರಾತ್ರಿ. ದೋಸೆಹಿಟ್ಟನ್ನು ಸಂಜೆಯೇ ರುಬ್ಬಿ, ಬಾಯ್ಲರ್ ಇರುವ ಕಪಾಟಿನಲ್ಲಿಟ್ಟರೆ ಜನವರಿಯಲ್ಲೂ ಉಬ್ಬುತ್ತದೆ.