ಮಿಯಾಟಾದ ಎಂಜಿನ್ ಇಳಿಸಿ, ಲೀಫ್ ಮೋಟಾರ್ ಏರಿಸಿ

ಹಳೆಯ ಸ್ಪೋರ್ಟ್ಸ್ ಕಾರಿಗೆ ಮನೆಯಲ್ಲೇ ಎಲೆಕ್ಟ್ರಿಕ್ ಮೋಟಾರ್ ಕೂರಿಸುವ ಹುಚ್ಚು ಅಮೆರಿಕ, ಬ್ರಿಟನ್ನಿನ ಹವ್ಯಾಸಿಗಳಿಗೆ ಹೊಸದಲ್ಲ. ಅದಕ್ಕೆ ಹೇಳಿಮಾಡಿಸಿದಂತಿದೆ 1989ರಲ್ಲಿ ಬಂದ ಮೊದಲ ತಲೆಮಾರಿನ ಮಜ್ದಾ ಮಿಯಾಟಾ. ತೂಕ ಒಂದು ಟನ್ನಿನ ಆಸುಪಾಸು, ಬಿಡಿಭಾಗಗಳಿಗೆ ಬರವಿಲ್ಲ. ಮೋಟಾರ್, ಇನ್ವರ್ಟರ್ (ಬ್ಯಾಟರಿಯ ಡಿಸಿ ಕರೆಂಟನ್ನು ಮೋಟಾರಿಗೆ ಬೇಕಾದ ಎಸಿಯಾಗಿಸುವ ಪೆಟ್ಟಿಗೆ), ಬ್ಯಾಟರಿ ಮೂರಕ್ಕೂ ಅಪಘಾತದಲ್ಲಿ ಜಖಂಗೊಂಡ ಒಂದು ನಿಸ್ಸಾನ್ ಲೀಫ್ ಎಲೆಕ್ಟ್ರಿಕ್ ಕಾರು ಸಾಕು. (ನಮ್ಮ ದೇಶದಲ್ಲಿ ಅನುಮೋದಿತ ಕಿಟ್ ಮತ್ತು ಆರ್‌ಟಿಒ ಒಪ್ಪಿಗೆ ಇಲ್ಲದೆ ಇಂಥ ಕಾರನ್ನು ರಸ್ತೆಗೆ ಇಳಿಸುವಂತಿಲ್ಲ.)

ಸ್ಪ್ಯಾನರ್ ಹಿಡಿಯುವ ಮುನ್ನ ಕಾರನ್ನು ತೂಗಿ, ನಾಲ್ಕೂ ಚಕ್ರಗಳ ಮೇಲಿನ ಭಾರ ಬರೆದಿಡಿ. ಮಿಯಾಟಾ ಓಡಿಸುವ ಸುಖವೆಲ್ಲ ಹಿಂದೆ-ಮುಂದೆ ತೂಕ ಸಮನಾಗಿರುವುದರಲ್ಲಿದೆ. ಅದು ತಪ್ಪಿದರೆ ಇಷ್ಟೆಲ್ಲ ಕಷ್ಟಪಟ್ಟು ಪ್ರಯೋಜನವಿಲ್ಲ. ಆಮೇಲೆ ಎಂಜಿನ್, ಸೈಲೆನ್ಸರ್, ರೇಡಿಯೇಟರ್, ಪೆಟ್ರೋಲ್ ಟ್ಯಾಂಕ್ ಇಳಿಸಿ. ಗೇರ್‌ಬಾಕ್ಸ್ ಇರಲಿ.

ಮೋಟಾರನ್ನು ಗೇರ್‌ಬಾಕ್ಸಿಗೆ ಸೇರಿಸಲು ಅಡಾಪ್ಟರ್ ಪ್ಲೇಟ್ ಬೇಕು. ಇದನ್ನು ಲೇತ್ ಕೆಲಸ ಬಲ್ಲವರಿಗೇ ಬಿಡಿ. ಎರಡು ಶಾಫ್ಟುಗಳ ನಡುಮಧ್ಯ ಒಂದೇ ಗೆರೆಯಲ್ಲಿರಬೇಕು. ಸೂಕ್ಷ್ಮ ಓರೆಯನ್ನೂ ಅಳೆಯುವ ಡಯಲ್ ಗೇಜ್ ಇಟ್ಟು ತಿರುಗಿಸಿ ನೋಡಿ. ಕೂದಲೆಳೆಯಷ್ಟು ಓರೆಯಾದರೂ ವೇಗ ಹೆಚ್ಚಿದಂತೆ ಕಾರು ನಡುಗುತ್ತದೆ, ಬೇರಿಂಗ್ ಸವೆಯುತ್ತದೆ. ಮೊದಲ ಲೀಫಿನ ಮೋಟಾರ್ 280 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ, ಮಿಯಾಟಾದ 1.6 ಲೀಟರ್ ಎಂಜಿನ್ ಕೊಡುತ್ತಿದ್ದುದು ಅದರ ಅರ್ಧದಷ್ಟು. ಗೇರ್‌ಬಾಕ್ಸ್ ಉಳಿಯಬೇಕಾದರೆ ಇನ್ವರ್ಟರ್ ಸೆಟ್ಟಿಂಗಿನಲ್ಲೇ ಟಾರ್ಕಿಗೆ ಮಿತಿ ಹಾಕಿ.

ನಿಜವಾದ ಕೆಲಸ ಬ್ಯಾಟರಿಯದು. 24 ಕಿಲೋವ್ಯಾಟ್ ಅವರ್ ಪ್ಯಾಕಿನಲ್ಲಿ 48 ಮಾಡ್ಯೂಲ್‌ಗಳು, ಒಟ್ಟು ಸುಮಾರು 180 ಕಿಲೋ. ಅರ್ಧದಷ್ಟನ್ನು ಬಾನೆಟ್ ಕೆಳಗೆ, ಉಳಿದದ್ದನ್ನು ಸೀಟುಗಳ ಹಿಂದೆ ಟ್ಯಾಂಕ್ ಇದ್ದ ಜಾಗದಲ್ಲಿ ಉಕ್ಕಿನ ಪೆಟ್ಟಿಗೆ ಮಾಡಿಸಿ ಕೂರಿಸಿ. ಎಲ್ಲವನ್ನೂ ಡಿಕ್ಕಿಗೆ ತುಂಬುವ ಸುಲಭದ ದಾರಿ ಬೇಡವೇ ಬೇಡ.

ಜೋಡಿಸಿದ ಪ್ಯಾಕಿನಲ್ಲಿ 360 ವೋಲ್ಟ್ ಡಿಸಿ ಇರುತ್ತದೆ, ಅದು ಜೀವ ತೆಗೆಯಬಲ್ಲದು. ಸಾವಿರ ವೋಲ್ಟಿಗೆ ಪರೀಕ್ಷಿಸಿದ ರಬ್ಬರ್ ಗ್ಲೌಸ್ ಹಾಕಿ, ಉಂಗುರ ಬಿಚ್ಚಿಡಿ, ಒಬ್ಬರೇ ಕೆಲಸ ಮಾಡಬೇಡಿ. ಮುಖ್ಯ ಕಾಂಟ್ಯಾಕ್ಟರ್ (ಪ್ಯಾಕಿನ ಕರೆಂಟನ್ನು ಜೋಡಿಸುವ, ಕಡಿಯುವ ದೊಡ್ಡ ವಿದ್ಯುತ್ ಸ್ವಿಚ್) ಜೊತೆಗೆ ಪ್ರೀಚಾರ್ಜ್ ರೆಸಿಸ್ಟರ್ ಹಾಕಲೇಬೇಕು. ಇನ್ವರ್ಟರಿನೊಳಗಿನ ಖಾಲಿ ಕೆಪಾಸಿಟರ್ ಮೊದಲ ಕ್ಷಣ ಶಾರ್ಟ್ ಸರ್ಕ್ಯೂಟಿನಂತೆ ಕರೆಂಟ್ ಎಳೆಯುತ್ತದೆ; ರೆಸಿಸ್ಟರ್ ಅದನ್ನು ನಿಧಾನವಾಗಿ ತುಂಬಿಸಿದ ಮೇಲೆಯೇ ಕಾಂಟ್ಯಾಕ್ಟರ್ ಆನ್ ಆಗಬೇಕು. ಇಲ್ಲವಾದರೆ ಅದರ ಕಾಂಟ್ಯಾಕ್ಟುಗಳು ಬೆಸುಗೆ ಹಾಕಿದಂತೆ ಅಂಟಿಕೊಳ್ಳಬಹುದು, ಆಮೇಲೆ ಸ್ವಿಚ್ ಆಫ್ ಮಾಡಿದರೂ ಕರೆಂಟ್ ನಿಲ್ಲದು. ಫ್ಯೂಸ್, ಬಿಎಂಎಸ್ (ಬ್ಯಾಟರಿಯ ಸೆಲ್‌ಗಳ ಮೇಲೆ ಕಣ್ಣಿಡುವ ಸರ್ಕ್ಯೂಟ್), ಅಪಘಾತವಾದಾಗ ಸಂಪರ್ಕ ಕಡಿಯುವ ಸ್ವಿಚ್, ಇವುಗಳಲ್ಲೂ ಉಳಿತಾಯ ನೋಡಬೇಡಿ.

ಎಂಜಿನ್ನಿನ ಜೊತೆ, ಬ್ರೇಕ್ ಒತ್ತುವುದನ್ನು ಹಗುರವಾಗಿಸುವ ಬೂಸ್ಟರಿಗೆ ಸಿಗುತ್ತಿದ್ದ ವ್ಯಾಕ್ಯೂಮ್ ಕೂಡ ಹೋಯಿತು. ವಿದ್ಯುತ್ ಪಂಪ್ ಹಾಕದಿದ್ದರೆ ಪೆಡಲ್ ಕಲ್ಲಿನಂತೆ ಗಟ್ಟಿ. ಆಲ್ಟರ್ನೇಟರ್ ಜಾಗಕ್ಕೆ, ಪ್ಯಾಕಿನ ವೋಲ್ಟೇಜನ್ನು ದೀಪ, ಹಾರನ್ನಿಗೆ ತಕ್ಕಂತೆ ತಗ್ಗಿಸುವ ಡಿಸಿ-ಡಿಸಿ ಕನ್ವರ್ಟರ್; ಹೀಟರಿಗೆ ವಿದ್ಯುತ್ತಿನಿಂದ ಕಾಯುವ ಸಿರಾಮಿಕ್ ಎಲಿಮೆಂಟ್.

ಮೊದಲ ಸಲ ಹಿಂದಿನ ಚಕ್ರಗಳನ್ನು ಸ್ಟ್ಯಾಂಡ್ ಮೇಲೆ ಎತ್ತಿಯೇ ಮೋಟಾರ್ ತಿರುಗಿಸಿ. ರಸ್ತೆಗಿಳಿಯುವ ಮುನ್ನ ನಾಲ್ಕೂ ಚಕ್ರಗಳನ್ನು ಮತ್ತೆ ತೂಗಿ, ಮೊದಲಿನ ಲೆಕ್ಕಕ್ಕೆ ಹೋಲಿಸಿ ಸ್ಪ್ರಿಂಗ್ ಬದಲಿಸಿ. ಬಳಸಿದ ಪ್ಯಾಕಿನಲ್ಲಿ 20 ಕಿಲೋವ್ಯಾಟ್ ಅವರ್ ಉಳಿದಿದ್ದು, ಕಿಲೋಮೀಟರಿಗೆ 150 ವ್ಯಾಟ್ ಅವರ್ ಖರ್ಚಾದರೆ 130 ಕಿ.ಮೀ. ಓಡೀತು. ನೂರಿನ್ನೂರು ಕಿ.ಮೀ. ಓಡಿದ ಮೇಲೆ ಪ್ಯಾಕಿನ ಸಂಪರ್ಕ ಕಡಿದು, ಮಾಡ್ಯೂಲ್‌ಗಳನ್ನು ಜೋಡಿಸುವ ಲೋಹದ ಪಟ್ಟಿಗಳ (ಬಸ್‌ಬಾರ್) ಬೋಲ್ಟುಗಳನ್ನೆಲ್ಲ ಟಾರ್ಕ್ ರೆಂಚಿನಿಂದ ಇನ್ನೊಮ್ಮೆ ಪರೀಕ್ಷಿಸಿ; ಸಡಿಲವಾದ ಒಂದೇ ಬೋಲ್ಟ್ ಕಾದು ಬೆಂಕಿಗೆ ಕಾರಣವಾಗಬಹುದು.