ಮಗ ಅಮೆರಿಕದಲ್ಲಿ, ಅಪ್ಪ-ಅಮ್ಮ ಮೈಸೂರಿನಲ್ಲಿ: ಅಲ್ಲಿಯ ಡಾಕ್ಟರು ಏನೂ ಹೇಳದಿದ್ದರೆ?

ಮೈಸೂರಿನಲ್ಲಿ ಮೂವತ್ತು ವರ್ಷದ ಮಗನನ್ನು ಮಾನಸಿಕ ವೈದ್ಯರ ಹತ್ತಿರ ಕರೆದುಕೊಂಡು ಹೋದರೂ ಪಕ್ಕದ ಕುರ್ಚಿಯಲ್ಲಿ ಅಮ್ಮ ಕೂತಿರುತ್ತಾರೆ. ನಿದ್ದೆ, ಊಟ, ಮಾತ್ರೆ ಎಲ್ಲವನ್ನೂ ಅವರೇ ಹೇಳುತ್ತಾರೆ. ಅಮೆರಿಕದಲ್ಲಿ ಆ ಕುರ್ಚಿ ತಾನಾಗಿ ಸಿಗುವುದಿಲ್ಲ. ವಯಸ್ಸಿಗೆ ಬಂದ ಮಗನ ಕಾಯಿಲೆ ಅವನ ಸ್ವಂತ ವಿಷಯ ಅನ್ನುತ್ತದೆ ಅಲ್ಲಿಯ ಕಾನೂನು. ಇದಕ್ಕೆ ಹಿಪಾ ಅಂತ ಹೆಸರು, 1996ರದ್ದು. ಕುವೆಂಪುನಗರದಿಂದ ರಾತ್ರಿ ಎದ್ದು ಅಲ್ಲಿಯ ಆಸ್ಪತ್ರೆಗೆ ಫೋನ್ ಮಾಡಿದರೆ, 'ಅಂಥವರು ಇಲ್ಲಿ ಇದ್ದಾರೋ ಇಲ್ಲವೋ ಅಂತಲೂ ಹೇಳಲಾಗದು' ಅನ್ನಬಹುದು. ಅದು ಸೊಕ್ಕಲ್ಲ, ಅವರ ಕೆಲಸದ ಕಟ್ಟುಪಾಡು.

ಆದರೆ ಹಿಪಾ ಕಟ್ಟಿರುವುದು ಡಾಕ್ಟರ ಬಾಯನ್ನು, ಕಿವಿಯನ್ನಲ್ಲ. ನೀವು ಹೇಳುವುದನ್ನು ಅವರು ಕೇಳಿಸಿಕೊಳ್ಳಬಹುದು. ಬಹಳ ಮನೆಯವರಿಗೆ ಇದು ಗೊತ್ತೇ ಇರುವುದಿಲ್ಲ. ಹಾಗಾಗಿ ಜಗಳ ಆಡಬೇಡಿ. 'ನೀವು ಏನೂ ಹೇಳಬೇಡಿ, ನಾನು ಹೇಳುವುದನ್ನು ಬರೆದುಕೊಳ್ಳಿ' ಅನ್ನಿ. ಒಂದೇ ಪುಟ ಇಂಗ್ಲಿಷಿನಲ್ಲಿ ಬರೆದಿಟ್ಟುಕೊಂಡಿರಿ. ಹಿಂದೆ ಯಾವಾಗ ಹೀಗಾಗಿತ್ತು, ಮೊದಲು ಕೆಟ್ಟದ್ದು ನಿದ್ದೆಯೋ ಮಾತೋ, ಯಾವ ಮಾತ್ರೆ ಒಗ್ಗಿತು, ಯಾವುದು ಒಗ್ಗಲಿಲ್ಲ, ಸಾಯುವ ಮಾತಾಡಿದ್ದನೇ, ಮನೆತನದಲ್ಲಿ ಇನ್ಯಾರಿಗಾದರೂ ಇತ್ತೇ. ಮಾತ್ರೆಗೆ ಕಂಪನಿ ಇಟ್ಟ ಹೆಸರು ಬೇಡ, ಅದು ಅಲ್ಲಿ ಅರ್ಥವಾಗುವುದಿಲ್ಲ. ಸ್ಟ್ರಿಪ್ ಮೇಲಿರುವ ಔಷಧದ ಮೂಲ ಹೆಸರು ಮತ್ತು ಎಷ್ಟು ಮಿಲಿಗ್ರಾಂ ಅಂತ ಬರೆಯಿರಿ. ಮನೆತನದ ವಿಷಯ ಮುಚ್ಚಿಡಬೇಡಿ. ಮಂಡ್ಯದ ನೆಂಟರಿಗೆ ಗೊತ್ತಾದೀತು ಅನ್ನುವ ಭಯ ಅಲ್ಲಿ ಬೇಕಿಲ್ಲ. ಮಗನೂ ಮುಂದೆ ಆ ಕಾಗದ ಓದಬಹುದು ಅಂದುಕೊಂಡೇ ಬರೆಯಿರಿ.

ಡಾಕ್ಟರು ನಿಮ್ಮ ಜೊತೆ ಮಾತಾಡಬೇಕಾದರೆ ಸಾಮಾನ್ಯವಾಗಿ ಮಗ ಒಂದು ಒಪ್ಪಿಗೆ ಫಾರ್ಮಿಗೆ ಸಹಿ ಹಾಕಬೇಕಾಗುತ್ತದೆ. ಚೆನ್ನಾಗಿರುವಾಗಲೇ ಕೇಳಿ. 'ಎಲ್ಲವನ್ನೂ ಹೇಳಲಿ' ಅಂದರೆ ಯಾವ ಮಗನೂ ಒಪ್ಪುವುದಿಲ್ಲ. ಮಾತ್ರೆ ಮತ್ತು ಮುಂದಿನ ಭೇಟಿಯ ದಿನ, ಇಷ್ಟಕ್ಕೆ ಮಾತ್ರ ಒಪ್ಪಿಗೆ ಕೊಡಲೂ ಬರುತ್ತದೆ. ಬೇಡವೆನಿಸಿದಾಗ ಅವನು ವಾಪಸ್ ತೆಗೆದುಕೊಳ್ಳಲೂಬಹುದು. ಅದನ್ನು ನೀವೇ ಮೊದಲು ಹೇಳಿಬಿಡಿ, ನಂಬಿಕೆ ಬರುತ್ತದೆ. ಅವನ ಅಕ್ಕನೋ ಭಾವನೋ ಅಲ್ಲೇ ಇದ್ದರೆ ಅವರ ಹೆಸರನ್ನೂ ಸೇರಿಸಿ.

ಈಗ ತುರ್ತಿನ ಮಾತು. ಆತ್ಮಹತ್ಯೆಯ ಯೋಚನೆ, ಮಾನಸಿಕ ಸಂಕಟ ಇರುವವರಿಗೆ ಅಮೆರಿಕದಲ್ಲಿ 988 ಅಂತ ಒಂದು ಸಹಾಯವಾಣಿ ಇದೆ, 2022ರಿಂದ. ಹಗಲು ರಾತ್ರಿ ಫೋನ್ ಎತ್ತುತ್ತಾರೆ, ಮೆಸೇಜ್ ಕೂಡ ಮಾಡಬಹುದು. ಆದರೆ ಅದಾಗಲಿ, ಪೊಲೀಸ್, ಆಂಬುಲೆನ್ಸ್ ತುರ್ತಿನ 911 ಆಗಲಿ ಅಮೆರಿಕದ ಒಳಗಿಂದ ಮಾಡುವ ನಂಬರುಗಳು. ಮೈಸೂರಿನಿಂದ ಒತ್ತಿದರೆ ಅಲ್ಲಿಗೆ ಸಿಗುವುದಿಲ್ಲ. ಆದ್ದರಿಂದ ಮಗ ಇರುವ ಊರಿನ ಪೊಲೀಸ್ ಇಲಾಖೆಯ ಹತ್ತಂಕಿಯ ನಂಬರು, ಓದುತ್ತಿದ್ದರೆ ಕ್ಯಾಂಪಸ್ ಪೊಲೀಸರದ್ದು, ಪೂರ್ತಿ ವಿಳಾಸ, ಅಪಾರ್ಟ್‌ಮೆಂಟ್ ನಂಬರು ಸಮೇತ ಇವತ್ತೇ ಬರೆದು ಫ್ರಿಜ್ಜಿಗೆ ಅಂಟಿಸಿ. ಪೊಲೀಸರಿಗೆ 'ವೆಲ್‌ಫೇರ್ ಚೆಕ್ ಬೇಕು, ಇದು ಮಾನಸಿಕ ಕಾಯಿಲೆ, ಕೈಯಲ್ಲಿ ಆಯುಧ ಇಲ್ಲ' ಅಂತ ಸ್ಪಷ್ಟವಾಗಿ ಹೇಳಿ. ವೆಲ್‌ಫೇರ್ ಚೆಕ್ ಅಂದರೆ ಮನೆಗೇ ಹೋಗಿ ಕ್ಷೇಮವಾಗಿದ್ದಾನಾ ಅಂತ ನೋಡಿ ಬರುವುದು. ಆಯುಧ ಇದೆಯೋ ಇಲ್ಲವೋ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ಇಂಥ ಸಂದರ್ಭಕ್ಕೆ ತರಬೇತಿ ಪಡೆದವರನ್ನು ಕಳಿಸಿ ಅಂತ ಕೇಳಿ. ಅವರಿಗೆ ಸಿಐಟಿ ಅನ್ನುತ್ತಾರೆ.

ಅಪಾಯ ಕಂಡರೆ ಮಗನ ಒಪ್ಪಿಗೆ ಇಲ್ಲದೆಯೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುತ್ತಾರೆ. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಮೊದಲು 72 ಗಂಟೆಯವರೆಗೆ. ಇನ್ನೂ ಅಪಾಯವಿದ್ದರೆ ಮತ್ತೆ 14 ದಿನದವರೆಗೆ. ಇದು ಅರೆಸ್ಟ್ ಅಲ್ಲ. ಆ ಹೊತ್ತಿನಲ್ಲಿ ನಿಮ್ಮ ಒಂದು ಪುಟ ಡಾಕ್ಟರ ಕೈಗೆ ಸೇರಬೇಕು. ವಾರ್ಡಿನ ಸೋಷಿಯಲ್ ವರ್ಕರ್ ಯಾರು ಅಂತ ಕೇಳಿ. ಮನೆಗೆ ಕಳಿಸುವ ಏರ್ಪಾಡು ಹೆಚ್ಚಾಗಿ ಅವರ ಕೈಯಲ್ಲೇ ಇರುತ್ತದೆ.

ವೀಸಾ ಭಯ ಜಾಸ್ತಿ, ಅಲ್ವಾ? ಅದಕ್ಕೇ ಬಹಳ ಮಕ್ಕಳು ಕಾಯಿಲೆ ಮುಚ್ಚಿಡುತ್ತಾರೆ. ಎಫ್-1 ಅನ್ನುವ ಓದಿನ ವೀಸಾದಲ್ಲಿರುವ ವಿದ್ಯಾರ್ಥಿಗೆ ಡಾಕ್ಟರ ಪತ್ರ ಇದ್ದರೆ ಕೋರ್ಸ್ ಕಡಿಮೆ ಮಾಡಿಕೊಳ್ಳಲು, ಬೇಕಿದ್ದರೆ ಒಂದೂ ತೆಗೆದುಕೊಳ್ಳದಿರಲು, ಒಂದು ಡಿಗ್ರಿ ಹಂತದಲ್ಲಿ ಒಟ್ಟು 12 ತಿಂಗಳವರೆಗೆ ಅವಕಾಶವಿದೆ. ಆದರೆ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಒಪ್ಪಿಗೆ ಮೊದಲು, ಕೋರ್ಸ್ ಬಿಡುವುದು ಆಮೇಲೆ. ಹಿಂದುಮುಂದಾದರೆ ಸ್ಟೇಟಸ್ಸೇ, ಅಂದರೆ ವಿದ್ಯಾರ್ಥಿಯಾಗಿ ಅಲ್ಲಿರುವ ಅನುಮತಿಯೇ, ಹೋಗಬಹುದು. ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿದ್ದರೆ ಬೇಜಾರಲ್ಲಿ ರಾಜೀನಾಮೆ ಕೊಡಬಾರದು. ಕೊಟ್ಟರೆ ಅಲ್ಲಿ ಉಳಿಯಲು ಹೆಚ್ಚೆಂದರೆ 60 ದಿನ ಸಮಯ. ಅದರ ಬದಲು ಎಫ್‌ಎಂಎಲ್‌ಎ ಅನ್ನುವ ಕಾನೂನಿನಡಿ ಕಾಯಿಲೆಯ ರಜೆ ಕೇಳಲಿ. ಅದು 12 ವಾರದವರೆಗೆ, ಸಂಬಳವಿಲ್ಲ, ಆದರೆ ಕೆಲಸ ಉಳಿಯುತ್ತದೆ. ದೊಡ್ಡ ಕಂಪನಿಯಲ್ಲಿ ಒಂದು ವರ್ಷವಾದರೂ ಕೆಲಸ ಮಾಡಿರಬೇಕು.

'ಊರಿಗೆ ಬಾ, ಒಂದು ಮದುವೆ ಮಾಡಿದರೆ ಎಲ್ಲಾ ಸರಿಹೋಗುತ್ತೆ' ಅನ್ನುವ ಮಾತು ಮಾತ್ರ ಬೇಡ. ಚಾಮುಂಡಿ ಬೆಟ್ಟಕ್ಕೆ ಹರಕೆ ಹೊರಿ, ಯಾರೂ ಬೇಡ ಅನ್ನುವುದಿಲ್ಲ. ಮಾತ್ರೆ ನಿಲ್ಲಿಸು ಅಂತ ಫೋನಿನಲ್ಲಿ ಹೇಳಬೇಡಿ.

ನಿಮಗೂ ಆಸರೆ ಬೇಕು. ಅಮೆರಿಕದಲ್ಲಿ ನಾಮಿ ಅನ್ನುವ ಮಾನಸಿಕ ಆರೋಗ್ಯದ ಸಂಸ್ಥೆ ಮನೆಯವರಿಗಾಗಿಯೇ ಎಂಟು ತರಗತಿಗಳ ಉಚಿತ ಕೋರ್ಸ್ ನಡೆಸುತ್ತದೆ; ಅಲ್ಲಿರುವ ಮಗಳು ಸೇರಬಹುದು. ಮೈಸೂರಿನಲ್ಲಿರುವ ನೀವು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ. ಹಾಗೇ ನಿಮ್ಮ ಪಾಸ್‌ಪೋರ್ಟ್ ಅವಧಿ ಮುಗಿದಿದೆಯಾ ನೋಡಿ, ಭೇಟಿ ವೀಸಾ ಮಾಡಿಸಿಟ್ಟುಕೊಳ್ಳಿ. ಕರೆ ಬಂದ ದಿನ ಅರ್ಜಿ ಹಾಕಲು ಕೂತರೆ ತಡವಾಗುತ್ತದೆ.