ಪೆನ್ಸಿಲ್‌ನಿಂದ ಡ್ಯೂರಾನ್ ಬೀಗ ತೆಗೆದದ್ದು: ನನ್ನ ಅನುಭವ

ಎಎಂಡಿಯ ಡ್ಯೂರಾನ್ ಮತ್ತು ಥಂಡರ್‌ಬರ್ಡ್ ಅಥ್ಲಾನ್ ಪ್ರೊಸೆಸರ್‌ಗಳು 2000ದಲ್ಲಿ ಬಂದವು. ಇವುಗಳ ವೇಗ ನಿರ್ಧರಿಸುವ ಗುಣಕಕ್ಕೆ, ಅಂದರೆ ಮಲ್ಟಿಪ್ಲೈಯರ್‌ಗೆ, ಅದು ಬದಲಾಗದಂತೆ ಹಾಕಿದ ಬೀಗ ಚಿಪ್‌ನ ಮೈಮೇಲೆಯೇ ಇದೆ, ಕಣ್ಣಿಗೆ ಕಾಣುವಂತೆ. ಅದನ್ನು ತೆಗೆಯೋಕೆ ಒಂದು ಪೆನ್ಸಿಲ್ ಸಾಕು. ನನ್ನ 700 ಮೆಗಾಹರ್ಟ್ಸ್ ಡ್ಯೂರಾನನ್ನು ಅದಕ್ಕಿಂತ ಜೋರಾಗಿ ಓಡಿಸೋಕೆ ನಾನು ಅದನ್ನೇ ಮಾಡಿದೆ.

ಲೆಕ್ಕ ಸುಲಭ. ಬಸ್‌ನ (ಪ್ರೊಸೆಸರನ್ನು ಬೋರ್ಡ್‌ನ ಉಳಿದ ಭಾಗಗಳಿಗೆ ಜೋಡಿಸುವ ದಾರಿ) ವೇಗವನ್ನು ಮಲ್ಟಿಪ್ಲೈಯರ್‌ನಿಂದ ಗುಣಿಸಿದರೆ ಪ್ರೊಸೆಸರ್‌ನ ವೇಗ: 100 × 7 = 700. ಬೀಗ ಇರುವಾಗ ಆ 7 ಬದಲಾಗುವುದಿಲ್ಲ, ಬಸ್ಸನ್ನೇ ಏರಿಸಬೇಕು. ಬಸ್ ಏರಿಸಿದರೆ ಅದರ ಹಿಂದೆ ಪಿಸಿಐ, ಎಜಿಪಿ (ಕಾರ್ಡ್‌ಗಳನ್ನು ಸಿಕ್ಕಿಸುವ ಜಾಗಗಳು), ಮೆಮೊರಿ ಎಲ್ಲದರ ವೇಗವೂ ಏರುತ್ತದೆ. ಹಾರ್ಡ್ ಡಿಸ್ಕ್ ಕೂಡ ತಕರಾರು ಶುರುಮಾಡಬಹುದು. ಮಲ್ಟಿಪ್ಲೈಯರ್ ಕೈಗೆ ಸಿಕ್ಕರೆ ಪ್ರೊಸೆಸರ್ ಒಂದನ್ನೇ ಓಡಿಸಬಹುದು, ಉಳಿದದ್ದು ತನ್ನ ಪಾಡಿಗೆ ಇರುತ್ತದೆ. ಒಂದು ಷರತ್ತು ಇದೆ: ಮದರ್‌ಬೋರ್ಡ್‌ನ ಬಯಾಸ್‌ನಲ್ಲೋ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪರದೆ) ಸ್ವಿಚ್‌ಗಳಲ್ಲೋ ಮಲ್ಟಿಪ್ಲೈಯರ್ ಬದಲಿಸುವ ಸೌಲಭ್ಯ ಇರಬೇಕು. ಅದಿಲ್ಲದಿದ್ದರೆ ಪೆನ್ಸಿಲ್ ಹಿಡಿದು ಪ್ರಯೋಜನವಿಲ್ಲ.

ನನಗೆ ಹೆಚ್ಚು ಆತಂಕ ತಂದದ್ದು ಪ್ರೊಸೆಸರ್ ಮೇಲೆ ಕೂತು ಅದರ ಬಿಸಿ ಹೀರುವ ಹೀಟ್‌ಸಿಂಕ್ ತೆಗೆಯುವ ಕೆಲಸ. ಅದನ್ನು ಸಾಕೆಟ್ ಎಗೆ (ಈ ಪ್ರೊಸೆಸರ್ ಕೂರುವ ಜಾಗ) ಹಿಡಿದಿಡುವ ಕ್ಲಿಪ್ ಬಲು ಬಿಗಿ. ಸ್ಕ್ರೂಡ್ರೈವರ್ ಜಾರಿದರೆ ಬೋರ್ಡ್‌ನ ಗೆರೆಗಳು ಕಿತ್ತುಹೋಗುತ್ತವೆ. ಹೀಟ್‌ಸಿಂಕ್ ಓರೆಯಾದರೆ ಬರಿಮೈಯಲ್ಲಿರುವ ಕೋರ್‌ನ (ಚಿಪ್ ನಡುವಿನ ಸಿಲಿಕಾನ್ ತುಂಡು) ಮೂಲೆ ಮುರಿಯುತ್ತದೆ, ಅಲ್ಲಿಗೆ ಚಿಪ್ ಕಥೆ ಮುಗಿಯಿತು. ಹಾಗಾಗಿ ಬೋರ್ಡನ್ನು ಕ್ಯಾಬಿನೆಟ್‌ನಿಂದ ಹೊರಗೆ ತೆಗೆದು ಮೇಜಿನ ಮೇಲಿಟ್ಟುಕೊಂಡೆ. ಕ್ಲಿಪ್ಪನ್ನು ನೇರ ಕೆಳಕ್ಕೆ ಒತ್ತಿ, ಆಮೇಲೆ ಹೊರಕ್ಕೆ ಸರಿಸಿದೆ. ಚಿಪ್ ಮುಟ್ಟುವ ಮೊದಲು ಕ್ಯಾಬಿನೆಟ್‌ನ ಲೋಹದ ಭಾಗ ಮುಟ್ಟಿ ಮೈಯ ಸ್ಥಿರ ವಿದ್ಯುತ್ ಕಳೆದುಕೊಂಡೆ.

ಕೋರ್‌ನ ಸುತ್ತ ಎಲ್1, ಎಲ್2 ಅಂತ ಗುರುತು ಹಾಕಿದ ಚಿಕ್ಕ ಚಿಕ್ಕ ಗುಂಪುಗಳಿವೆ. ನಮಗೆ ಬೇಕಾದ್ದು ಎಲ್1. ಭೂತಗನ್ನಡಿಯಲ್ಲಿ ನೋಡಿದರೆ ನಾಲ್ಕು ಜೋಡಿ ಚುಕ್ಕೆಗಳು, ಪ್ರತಿ ಜೋಡಿಯ ನಡುವೆ ಲೇಸರ್‌ನಿಂದ ಕತ್ತರಿಸಿದ ಸಣ್ಣ ಸಂದು. ಆ ನಾಲ್ಕು ಸೇತುವೆ ಮತ್ತೆ ಕೂಡಿದರೆ ಬೀಗ ತೆರೆಯಿತು ಅಂತಲೇ ಅರ್ಥ.

ಐಸೋಪ್ರೊಪೈಲ್ ಆಲ್ಕೊಹಾಲ್‌ನಿಂದ ಆ ಜಾಗ ಒರೆಸಿ, ಪೂರ್ತಿ ಒಣಗಲು ಬಿಟ್ಟೆ. ಎಣ್ಣೆಪಸೆ, ಹೀಟ್‌ಸಿಂಕ್ ಅಡಿಗೆ ಸವರಿದ್ದ ಥರ್ಮಲ್ ಪೇಸ್ಟ್ ಉಳಿದಿದ್ದರೆ ಗ್ರಾಫೈಟ್ ಹಿಡಿಯುವುದಿಲ್ಲ. ಪೆನ್ಸಿಲ್ 2ಬಿ ತೆಗೆದುಕೊಂಡೆ. ಮೆದು ಪೆನ್ಸಿಲ್‌ನಲ್ಲಿ ಗ್ರಾಫೈಟ್ ಜಾಸ್ತಿ, ಜೇಡಿ ಕಡಿಮೆ, ಅದಕ್ಕೆ ವಿದ್ಯುತ್ ಚೆನ್ನಾಗಿ ಹರಿಯುತ್ತದೆ. ತುದಿಯನ್ನು ಸೂಜಿಯಂತೆ ಚೂಪು ಮಾಡಿ ಒಂದು ಚುಕ್ಕೆಯಿಂದ ಎದುರಿನ ಚುಕ್ಕೆಗೆ ಹಗುರವಾಗಿ, ಮತ್ತೆ ಮತ್ತೆ ಎಳೆದೆ. ಸಂದಿನಲ್ಲಿ ಹೊಳೆಯುವ ಕಪ್ಪು ಗೆರೆ ಕಾಣಿಸಬೇಕು. ಪಕ್ಕದ ಸೇತುವೆಗೆ ಮಾತ್ರ ಪುಡಿ ತಾಗಬಾರದು. ಪ್ರತಿ ಗೆರೆಯಾದ ಮೇಲೂ ಒಣ ಬ್ರಷ್‌ನಿಂದ ಪುಡಿ ತೆಗೆದು, ಗಾಜಿನಡಿ ಮತ್ತೆ ನೋಡಿದೆ. ಇಷ್ಟವಾಗದ ಗೆರೆಯನ್ನು ಆಲ್ಕೊಹಾಲ್ ಹಾಕಿ ಅಳಿಸಿ ಮತ್ತೆ ಎಳೆಯಬಹುದು. ಈ ವಿಧಾನದಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ. ಬೆಸುಗೆ ಹಾಕಿದರೆ ಈ ಅನುಕೂಲ ಇರುವುದಿಲ್ಲ.

ಹೊಸ ಪೇಸ್ಟ್ ತೆಳ್ಳಗೆ ಸವರಿ, ಹೀಟ್‌ಸಿಂಕ್ ಕೂರಿಸಿ, ಫ್ಯಾನ್‌ನ ತಂತಿ ಸಿಕ್ಕಿಸಿದೆ. ಫ್ಯಾನ್ ತಿರುಗುವುದನ್ನು ಕಣ್ಣಾರೆ ನೋಡದೆ ಈ ಚಿಪ್‌ಗಳನ್ನು ಓಡಿಸಲೇಬೇಡಿ. ಇವುಗಳ ಕೋರ್‌ನೊಳಗೆ ಶಾಖ ಅಳೆಯುವ ಸೆನ್ಸರ್ ಇಲ್ಲ. ಬೋರ್ಡ್ ತೋರಿಸುವುದು ಸಾಕೆಟ್ ಕೆಳಗಿನ ಸೆನ್ಸರ್‌ನ ಲೆಕ್ಕ. ಒಳಗಿನ ಬಿಸಿ ಅದಕ್ಕಿಂತ ಜಾಸ್ತಿಯೇ ಇರುತ್ತದೆ.

ಬಯಾಸ್‌ನಲ್ಲಿ ಮಲ್ಟಿಪ್ಲೈಯರನ್ನು 8ಕ್ಕೆ ಇಟ್ಟೆ, ಪರದೆಯಲ್ಲಿ 800 ಬಂತು. ಆಮೇಲೆ ಅರ್ಧರ್ಧ ಹೆಜ್ಜೆ ಏರಿಸುತ್ತಾ ಹೋದೆ. ವೋಲ್ಟೇಜನ್ನು 1.6ರಿಂದ 1.7ಕ್ಕೆ ಒಯ್ದಾಗ 9.5 × 100 ನಿಂತಿತು. ಆದರೆ ನಾನು ಉಳಿಸಿಕೊಂಡದ್ದು ಅದನ್ನಲ್ಲ. ನನ್ನ ಬೋರ್ಡ್‌ನಲ್ಲಿದ್ದದ್ದು ವಯಾ ಕೆಟಿ133ಎ ಚಿಪ್‌ಸೆಟ್ (ಬೋರ್ಡ್‌ನ ಭಾಗಗಳನ್ನು ನಡೆಸುವ ಚಿಪ್‌ಗಳು), ಅದು 133ರ ಬಸ್ಸನ್ನು ಸಲೀಸಾಗಿ ಓಡಿಸುತ್ತದೆ. ಆ ವೇಗಕ್ಕೆ ಪಿಸಿಐ ಕೂಡ ನಾಲ್ಕರಿಂದ ಭಾಗವಾಗಿ ತನ್ನ ಮಾಮೂಲಿ 33ರಲ್ಲೇ ಇರುತ್ತದೆ. ಮಲ್ಟಿಪ್ಲೈಯರನ್ನು 7ಕ್ಕೆ ಇಳಿಸಿ, ಬಸ್ಸನ್ನು 133ಕ್ಕೆ ಇಟ್ಟರೆ 933. ಮೇಲ್ನೋಟಕ್ಕೆ 950ಕ್ಕಿಂತ ಕಡಿಮೆ, ಅಲ್ವಾ? ಆದರೆ ಮೆಮೊರಿ ಮತ್ತು ಬಸ್ ಮೂರನೇ ಒಂದರಷ್ಟು ಜೋರಾಗುತ್ತವೆ. ಕೆಲಸ ಮಾಡುವಾಗ ಆ ವ್ಯತ್ಯಾಸ ಕೈಗೆ ತಿಳಿಯುತ್ತದೆ. ಹಾಗಾದರೆ ಬೀಗ ತೆಗೆದದ್ದು ಯಾಕೆ ಅಂದರೆ, ಪ್ರೊಸೆಸರ್ ಎಲ್ಲಿ ಸೋಲುತ್ತದೆ, ಬಸ್ ಎಲ್ಲಿ ಸೋಲುತ್ತದೆ ಅಂತ ಬೇರೆ ಬೇರೆಯಾಗಿ ತಿಳಿಯೋಕೆ ಅದೊಂದೇ ದಾರಿ. ಬಸ್ 100ರಲ್ಲೇ ಇದ್ದಾಗ ಕೋರ್ 950 ತಾಳುತ್ತದೆ ಅಂತ ಗೊತ್ತಿದ್ದರಿಂದಲೇ 933ನ್ನು ಧೈರ್ಯವಾಗಿ ನಂಬಿದೆ. ಪ್ರೊಸೆಸರನ್ನು ದುಡಿಸಿ ಪರೀಕ್ಷಿಸುವ ಪ್ರೈಮ್95 ಪ್ರೋಗ್ರಾಮನ್ನು ರಾತ್ರಿಯಿಡೀ ಓಡಲು ಬಿಟ್ಟು, ತಪ್ಪು ಬರದಿದ್ದ ಮೇಲೆಯೇ ಕ್ಯಾಬಿನೆಟ್ ಮುಚ್ಚಿದೆ.

2001ರ ಅಥ್ಲಾನ್ ಎಕ್ಸ್‌ಪಿಗೆ ಇದೇ ಉಪಾಯ ಹಿಡಿದು ಹೊರಡಬೇಡಿ. ಅದರ ಎಲ್1 ಸಂದುಗಳಲ್ಲಿ ಲೇಸರ್ ಗುಳಿ ತೋಡಿದೆ. ಮೊದಲು ಗುಳಿಯನ್ನು ಸೂಪರ್ ಗ್ಲೂನಿಂದ ತುಂಬಿ, ಒಣಗಿದ ಮೇಲೆ ಅದರ ಮೇಲೆ ವಿದ್ಯುತ್ ಹರಿಸುವ ಬೆಳ್ಳಿ ಬಣ್ಣವನ್ನು ಗೆರೆಯಾಗಿ ಎಳೆಯಬೇಕು. ಗುಳಿ ಮುಚ್ಚದೆ ಬಣ್ಣ ಹಾಕಿದರೆ ಅದು ಒಳಗಿನ ತಾಮ್ರದ ಪದರಕ್ಕೆ ತಾಗಿ ಶಾರ್ಟ್ ಆಗುತ್ತದೆ.